ಹೌಸ್ ಎಲ್ಫ್: ಮಾಂತ್ರಿಕ ಲೋಕದ ಜೀತದಾಳು

ಹ್ಯಾರಿ ಪಾಟರ್ ಕಾದಂಬರಿಗಳ ಮಾಂತ್ರಿಕ ಲೋಕದಲ್ಲಿ ಹಳೆಯ ಸಿರಿವಂತ ಮನೆತನಗಳ ಅಡುಗೆ, ಕಸಮುಸುರೆಗಳನ್ನೆಲ್ಲ ನೋಡಿಕೊಳ್ಳುವವರು ಹೌಸ್ ಎಲ್ಫ್‌ಗಳು. ಗಿಡ್ಡ ಮೈ, ಬಾವಲಿಯಂಥ ಕಿವಿ, ಗುಡ್ಡೆಗಣ್ಣು. 1998ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ಡಾಬಿಯ ಮೂಲಕ ಜೆ. ಕೆ. ರೌಲಿಂಗ್ ಇವರನ್ನು ಪರಿಚಯಿಸಿದರು. ಎಲ್ಫ್ ಒಂದು ಮನೆತನದ ಸೊತ್ತು. ಸಂಬಳವಿಲ್ಲ, ರಜೆಯಿಲ್ಲ, ಉಡಲು ಹಳೆಯ ದಿಂಬಿನ ಚೀಲ. ಯಜಮಾನನ ಮಾತು ಮೀರಿದರೆ ತನ್ನನ್ನು ತಾನೇ ದಂಡಿಸಿಕೊಳ್ಳಬೇಕು. ಡಾಬಿ ತನ್ನ ಕೈಗಳಿಗೇ ಇಸ್ತ್ರಿಪೆಟ್ಟಿಗೆ ಒತ್ತಿಕೊಳ್ಳುತ್ತಾನೆ.

ಇಷ್ಟಾಗಿಯೂ ಇವರು ಶಕ್ತಿಹೀನರಲ್ಲ. ಹಾಗ್ವಾರ್ಟ್ಸ್ ಶಾಲೆಯೊಳಗೆ ಮಾಂತ್ರಿಕರು ಒಂದೆಡೆ ಮಾಯವಾಗಿ ಇನ್ನೊಂದೆಡೆ ಮೂಡಲಾರರು. ಎಲ್ಫ್‌ಗಳಿಗೆ ಅದು ಸಲೀಸು, ಅದಕ್ಕೆ ಮಂತ್ರದಂಡವೂ ಬೇಡ. ದಂಡ ಹಿಡಿಯುವುದನ್ನಂತೂ ಕಾನೂನೇ ನಿಷೇಧಿಸಿದೆ.

ಬಿಡುಗಡೆಗೆ ಒಂದೇ ದಾರಿ: ಯಜಮಾನ ಬಟ್ಟೆ ಕೊಡಬೇಕು. ಇದರ ಬೇರು ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಜನಪದದಲ್ಲಿದೆ. ಅಲ್ಲಿನ ಬ್ರೌನಿ ಎಂಬ ಮನೆಭೂತ ಒಲೆಯ ಬಳಿ ಇಟ್ಟ ಹಾಲುಕೆನೆಗೆ ರಾತ್ರಿಯೆಲ್ಲ ದುಡಿಯುತ್ತದೆ. ಹೊಸ ಬಟ್ಟೆ ಕೊಟ್ಟರೆ ಮನೆ ಬಿಟ್ಟು ಹೊರಟುಹೋಗುತ್ತದೆ. ಗ್ರಿಮ್ ಸೋದರರು ಸಂಗ್ರಹಿಸಿದ ಚಮ್ಮಾರನ ಕಥೆಯಲ್ಲೂ ಹೀಗೆಯೇ. ಆದರೆ ಬ್ರೌನಿಯದು ಸ್ವಂತ ಇಷ್ಟದ ದುಡಿಮೆ, ಮುನಿದರೆ ಅದನ್ನು ತಡೆಯುವವರಿಲ್ಲ. ರೌಲಿಂಗ್ ಬಟ್ಟೆಯನ್ನು ಉಳಿಸಿಕೊಂಡು ಆ ಇಷ್ಟವನ್ನು ಕಿತ್ತುಹಾಕಿದರು. ಮನೆಭೂತದ ಕಥೆ ಜೀತದ ಕಥೆಯಾದದ್ದು ಅಲ್ಲಿ.

ಹ್ಯಾರಿಯ ಉಪಾಯದಿಂದ ಯಜಮಾನ ಲೂಸಿಯಸ್ ಮಾಲ್ಫಾಯ್ ಎಸೆದ ಕಾಲುಚೀಲವೊಂದು ಕೈಗೆ ಬಿದ್ದು ಡಾಬಿ ಸ್ವತಂತ್ರನಾಗುತ್ತಾನೆ. ಆಮೇಲೆ ಹಾಗ್ವಾರ್ಟ್ಸ್ ಅಡುಗೆಮನೆಯಲ್ಲಿ ವಾರಕ್ಕೆ ಒಂದು ಗ್ಯಾಲಿಯನ್ ಎಂಬ ಚಿನ್ನದ ನಾಣ್ಯ ಸಂಬಳ, ತಿಂಗಳಿಗೆ ಒಂದು ದಿನ ರಜೆ. ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ವಾರಕ್ಕೆ ಹತ್ತು ಕೊಡಲು ಸಿದ್ಧರಿದ್ದರೂ ಅಷ್ಟು ಬೇಡವೆಂದವನು ಡಾಬಿಯೇ! ವಿಂಕಿ ಎಂಬ ಇನ್ನೊಬ್ಬ ಎಲ್ಫ್‌ಳ ಪಾಡು ಬೇರೆ. ಕೆಲಸದಿಂದ ತೆಗೆದುಹಾಕಿದ ಯಜಮಾನನನ್ನೇ ನೆನೆದು ಅವಳು ಕುಡಿದು ಅಳುತ್ತಾಳೆ. ಜೀತ ಮನಸ್ಸಿನೊಳಗೆ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದನ್ನು ವಿಂಕಿಯಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸುವುದಿಲ್ಲ. ಎಲ್ಫ್‌ಗಳ ಹಕ್ಕಿಗಾಗಿ ಸಂಘ ಕಟ್ಟಿದ ಹ್ಯಾರಿಯ ಗೆಳತಿ ಹರ್ಮಯೊನಿ, ಅವರನ್ನು ಕೇಳದೆಯೇ, ಬಿಡುಗಡೆಯಾಗಲೆಂದು ಟೋಪಿ ಹೆಣೆದು ವಿದ್ಯಾರ್ಥಿಗಳ ಕೋಣೆಯಲ್ಲಿ ಅಲ್ಲಲ್ಲಿ ಅಡಗಿಸಿಡುತ್ತಾಳೆ. ಅವಮಾನವೆನಿಸಿದ ಎಲ್ಫ್‌ಗಳು ಆ ಕೋಣೆಯ ಕಡೆಗೇ ಬರುವುದಿಲ್ಲ, ಡಾಬಿಯೊಬ್ಬನೇ ಗುಡಿಸುತ್ತಾನೆ.

ಎಲ್ಲರಿಗಿಂತ ಸಂಕೀರ್ಣ ಪಾತ್ರ ಬ್ಲ್ಯಾಕ್ ಮನೆತನದ ಕ್ರೀಚರ್. ತನ್ನನ್ನು ತಿರಸ್ಕಾರದಿಂದ ಕಂಡ ಆ ಮನೆಯ ಮಗ ಸಿರಿಯಸ್‌ಗೆ ಅವನು ದ್ರೋಹ ಬಗೆಯುತ್ತಾನೆ. ತನ್ನನ್ನು ಪ್ರೀತಿಯಿಂದ ಕಂಡ, ಸಿರಿಯಸ್‌ನ ತಮ್ಮ ರೆಗ್ಯುಲಸ್‌ನ ಕೊನೆಯ ಅಪ್ಪಣೆಯನ್ನು ಮಾತ್ರ ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡಿರುತ್ತಾನೆ. ಹ್ಯಾರಿ ಮರ್ಯಾದೆಯಿಂದ ಮಾತಾಡಿಸಿದ ಮೇಲೆ ಅದೇ ಕ್ರೀಚರ್ ಕೊನೆಯ ಯುದ್ಧದಲ್ಲಿ ಹಾಗ್ವಾರ್ಟ್ಸ್ ಎಲ್ಫ್‌ಗಳ ಮುಂದಾಳಾಗುತ್ತಾನೆ.

ಚಲನಚಿತ್ರಗಳಲ್ಲಿ ವಿಂಕಿಯೂ ಇಲ್ಲ, ಹರ್ಮಯೊನಿಯ ಸಂಘವೂ ಇಲ್ಲ. ಎಲ್ಫ್‌ಗಳ ಕಥೆಯನ್ನು ಪೂರ್ತಿ ತಿಳಿಯಬೇಕೆನ್ನುವವರು ಪುಸ್ತಕಗಳನ್ನೇ ಓದಬೇಕು, ಅದರಲ್ಲೂ ನಾಲ್ಕು, ಐದು ಮತ್ತು ಏಳನೆಯದನ್ನು.