ಸೋಗಾನೆಯಲ್ಲಿ ವಿಮಾನ ಇಳಿಯಬೇಕಾದರೆ

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಪ್ರಧಾನಿ ನರೇಂದ್ರ ಮೋದಿ ಬಂದಿದ್ದರು, ಮೈದಾನದ ತುಂಬ ಜನ ಸೇರಿದ್ದರು. ಆದರೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತ ಮೊದಲ ವಿಮಾನ ಅಲ್ಲಿ ಇಳಿದದ್ದು ಆರು ತಿಂಗಳ ನಂತರ, ಆಗಸ್ಟ್ 31ರಂದು. ಬೆಂಗಳೂರಿನಿಂದ ಹೋದ ಇಂಡಿಗೊ ಸಂಸ್ಥೆಯ ಆ ಎಟಿಆರ್ ವಿಮಾನದಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಮೂಲಸೌಕರ್ಯ ಸಚಿವ ಎಂ.ಬಿ. ಪಾಟೀಲ, ಸಂಸದ ಬಿ.ವೈ. ರಾಘವೇಂದ್ರ ಪಕ್ಷಭೇದ ಮರೆತು ಜೊತೆಯಾಗಿ ಪ್ರಯಾಣಿಸಿದರು.

ಕಟ್ಟಡ ಸಿದ್ಧವಿತ್ತು, ರನ್‌ವೇ ಸಿದ್ಧವಿತ್ತು. ಆದರೂ ಆರು ತಿಂಗಳು ಬೇಕಾಯಿತು. ವಿಮಾನ ನಿಲ್ದಾಣವೆಂದರೆ ಡಾಂಬರು ಮತ್ತು ಗಾಜು ಮಾತ್ರವಲ್ಲ, ಅದನ್ನು ದಿನವೂ ನಡೆಸುವ ಜನ, ಯಂತ್ರ ಮತ್ತು ಪರವಾನಗಿ ಕೂಡ ಎಂಬುದನ್ನು ಆ ಆರು ತಿಂಗಳು ತೋರಿಸಿಕೊಟ್ಟವು. ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೆಲೆಸಿ, ಹಬ್ಬಕ್ಕೂ ಹುಣ್ಣಿಮೆಗೂ ಸಾಗರ, ತೀರ್ಥಹಳ್ಳಿ, ಹೊಸನಗರದ ದಾರಿ ಹಿಡಿಯುವ ಮಲೆನಾಡಿಗರು ಈ ನಿಲ್ದಾಣದ ಬಗ್ಗೆ ತಿಳಿಯಬೇಕಾದದ್ದು ಬಹಳಷ್ಟಿದೆ.

ಎರಡು ಶಂಕುಸ್ಥಾಪನೆಗಳ ಕಥೆ

ಶಿವಮೊಗ್ಗಕ್ಕೂ ಭದ್ರಾವತಿಗೂ ಹತ್ತಿರವಿರುವ ಊರು ಸೋಗಾನೆ. ಇಲ್ಲಿ ಮೊದಲು ಶಂಕುಸ್ಥಾಪನೆಯಾದದ್ದು 2008ರಲ್ಲಿ, ಯಡಿಯೂರಪ್ಪ ಮುಖ್ಯಮಂತ್ರಿಯಾದ ಹೊಸತರಲ್ಲಿ. ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವ ಯೋಜನೆ ಅದು. ಕೆಲಸ ಕುಂಟುತ್ತ ಸಾಗಿ, ಕೊನೆಗೆ ನಿಂತೇಹೋಯಿತು. 2015ರಲ್ಲಿ ಸರ್ಕಾರ ಒಪ್ಪಂದ ರದ್ದು ಮಾಡಿತು. 2020ರ ಜೂನ್‌ನಲ್ಲಿ ಅದೇ ಯಡಿಯೂರಪ್ಪ ಮತ್ತೆ ಮುಖ್ಯಮಂತ್ರಿಯಾಗಿದ್ದಾಗ ಎರಡನೇ ಬಾರಿ ಶಂಕುಸ್ಥಾಪನೆ ಮಾಡಿದರು. ಈ ಸಲ ಹಣ ಸರ್ಕಾರದ್ದೇ. ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ಮೂರು ವರ್ಷದೊಳಗೆ ಕೆಲಸ ಮುಗಿಯಿತು.

ಕಮಲದ ಆಕಾರದ ಟರ್ಮಿನಲ್ ಸುಮಾರು 4,340 ಚದರ ಮೀಟರ್ ವಿಸ್ತಾರವಿದ್ದು, ಗಂಟೆಗೆ 300 ಪ್ರಯಾಣಿಕರನ್ನು ನಿಭಾಯಿಸಬಲ್ಲದು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಮೈಸೂರಿನ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ ಇರುವುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಅಲ್ಲಿ ರನ್‌ವೇ ಬೆಳೆಸಬೇಕೆಂದರೆ ಪಕ್ಕದ ನಂಜನಗೂಡು ಹೆದ್ದಾರಿ ಅಡ್ಡಬರುತ್ತದೆ. ದೊಡ್ಡ ಜೆಟ್ ವಿಮಾನಕ್ಕೆ ಬೇಕಾದ ಜಾಗ ಸೋಗಾನೆಯಲ್ಲಿ ಮೊದಲ ದಿನದಿಂದಲೇ ಇದೆ.

ಹೆಸರಿನ ವಿಷಯದಲ್ಲೂ ಒಳ್ಳೆಯ ನಡೆ ಕಂಡಿತು. ಯಡಿಯೂರಪ್ಪನವರ ಹೆಸರನ್ನೇ ಇಡುವುದಾಗಿ ಅಂದಿನ ಸರ್ಕಾರ ಪ್ರಕಟಿಸಿತ್ತು. ಅವರೇ ಬೇಡವೆಂದರು. ಕೊನೆಗೆ ಕುಪ್ಪಳಿಯ ಕವಿಯ ಹೆಸರು ನಿಂತಿತು. ಈಗದು ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ.

ರಾಜ್ಯವೇ ನಡೆಸುವ ನಿಲ್ದಾಣ

ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿ ನಿಲ್ದಾಣಗಳನ್ನು ಕೇಂದ್ರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುತ್ತದೆ. ಬೆಂಗಳೂರು ಮತ್ತು ಮಂಗಳೂರು ಖಾಸಗಿ ನಿರ್ವಹಣೆಯಲ್ಲಿವೆ. ಸೋಗಾನೆಯ ಹೊಣೆ ಮಾತ್ರ ರಾಜ್ಯದ್ದೇ. ಕರ್ನಾಟಕ ರಾಜ್ಯ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ, ಅಂದರೆ ಕೆಎಸ್‌ಐಐಡಿಸಿ, ಇದನ್ನು ನಡೆಸುತ್ತಿದೆ. ರಾಜ್ಯ ಸರ್ಕಾರಕ್ಕೆ ಇದು ಹೊಸ ಕೆಲಸ. ವಾಯು ಸಂಚಾರ ನಿಯಂತ್ರಣವನ್ನು ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ರನ್‌ವೇ, ಟರ್ಮಿನಲ್, ಅಗ್ನಿಶಾಮಕ ದಳ, ಭದ್ರತೆ, ಬೇಲಿ, ವಿದ್ಯುತ್ ಎಲ್ಲವೂ ರಾಜ್ಯದ ಪಾಲು.

ಈ ಕೆಲಸ ಎಂಥದು? ದಿನದ ಮೊದಲ ವಿಮಾನ ಬರುವ ಮುನ್ನ ಜೀಪೊಂದು ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸಾಗುತ್ತದೆ. ಒಳಗೆ ಕೂತವರ ಕಣ್ಣು ನೆಲದ ಮೇಲೆ. ಕಿತ್ತುಬಂದ ಜಲ್ಲಿಕಲ್ಲು, ಬಿದ್ದಿರುವ ಬೋಲ್ಟು, ಗಾಳಿಗೆ ಬಂದ ಪ್ಲಾಸ್ಟಿಕ್ ಚೀಲ, ಸತ್ತ ಹಕ್ಕಿ, ನೀರು ನಿಂತ ಜಾಗ, ಉರಿಯದ ದೀಪ, ಬೇಲಿ ನುಸುಳಿ ಬಂದ ನಾಯಿ – ಯಾವುದನ್ನೂ ಬಿಡುವಂತಿಲ್ಲ. ಬೆರಳ ಗಾತ್ರದ ಕಲ್ಲು ಸಾಕು, ಪ್ರೊಪೆಲ್ಲರ್‌ಗೆ ಏಟು ಬೀಳುತ್ತದೆ, ಟೈರ್ ಹರಿಯುತ್ತದೆ. ನೋಡಿದ್ದನ್ನು ಪುಸ್ತಕದಲ್ಲಿ ಬರೆದು, ರನ್‌ವೇ ಸರಿಯಿದೆ ಎಂದು ಟವರ್‌ಗೆ ತಿಳಿಸಿದ ಮೇಲೆಯೇ ವಿಮಾನಕ್ಕೆ ದಾರಿ.

ಅತ್ತ ಅಗ್ನಿಶಾಮಕ ದಳದವರು ವಾಹನದ ನೀರು, ನೊರೆ ದ್ರಾವಣ, ಪಂಪು ಪರೀಕ್ಷಿಸುತ್ತಾರೆ. ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಸುರಿಯಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಎಷ್ಟು ವಾಹನ, ಎಷ್ಟು ನೀರು ಬೇಕೆಂಬುದನ್ನು ಬರುವ ವಿಮಾನದ ಉದ್ದ, ಅಗಲ ನಿರ್ಧರಿಸುತ್ತವೆ. 27 ಮೀಟರ್ ಉದ್ದದ ಎಟಿಆರ್‌ಗೆ ಸಾಕಾಗುವ ಏರ್ಪಾಡು 37 ಮೀಟರಿಗೂ ಉದ್ದದ ಏರ್‌ಬಸ್ ಎ320ಕ್ಕೆ ಸಾಲದು. ರನ್‌ವೇ ಉದ್ದವಿದೆ, ದೊಡ್ಡ ವಿಮಾನ ಯಾಕೆ ಬರುವುದಿಲ್ಲ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಹುಲ್ಲು ಕತ್ತರಿಸುವುದು ಕೂಡ ಇಲ್ಲಿ ಸುರಕ್ಷತೆಯ ಕೆಲಸ. ಹುಲ್ಲಿನ ಎತ್ತರ ಹದ ತಪ್ಪಿದರೆ ಹುಳು, ಇಲಿ, ಅವುಗಳ ಹಿಂದೆ ಹಕ್ಕಿ ಬರುತ್ತವೆ. ನಿಲ್ದಾಣದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹಕ್ಕಿಗಳನ್ನು ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಸುರಿಯುವುದನ್ನು ವಿಮಾನ ನಿಯಮಾವಳಿ ನಿಷೇಧಿಸುತ್ತದೆ. ಹಾಗಾಗಿ ಸುತ್ತಲಿನ ಗ್ರಾಮ ಪಂಚಾಯಿತಿಗಳೂ ಈ ನಿಲ್ದಾಣದ ನಿರ್ವಹಣೆಯಲ್ಲಿ ಪಾಲುದಾರರೇ.

ಮಳೆಗಾಲ, ಮಂಜು ಮತ್ತು ನಾಲ್ಕು ದೀಪ

ಮಲೆನಾಡಿನಲ್ಲಿ ವಿಮಾನ ನಿಲ್ದಾಣ ನಡೆಸುವವರಿಗೆ ಹವೆಯೇ ದೊಡ್ಡ ಸವಾಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿಯುತ್ತದೆ. ಚಳಿಗಾಲದ ಬೆಳಗುಗಳಲ್ಲಿ ಮಂಜು ಹಬ್ಬುತ್ತದೆ. ಸೋಗಾನೆ ಶುರುವಾದದ್ದು ಹಗಲು ಹೊತ್ತಿನಲ್ಲಿ, ಪೈಲಟ್ ಕಣ್ಣಿಂದ ನೆಲ ನೋಡಿ ಇಳಿಯುವ ವ್ಯವಸ್ಥೆಯೊಂದಿಗೆ. ಅದಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ವಿಮಾನ ಆಕಾಶದಲ್ಲಿ ಸುತ್ತು ಹೊಡೆದು ಕಾಯಬೇಕು, ಇಲ್ಲವೇ ಹೊರಟಲ್ಲಿಗೇ ಮರಳಬೇಕು. ಕೆಳಗೆ ಊರು ಇದ್ದೂ ಇಳಿಯಲಾಗದೆ ವಾಪಸು ಹೋಗುವ ಪ್ರಯಾಣಿಕನಿಗೆ ಟರ್ಮಿನಲ್ ಎಷ್ಟು ಚೆಂದವಿದ್ದರೇನು?

ಇದಕ್ಕೆ ಪರಿಹಾರ ಯಂತ್ರಗಳಲ್ಲಿದೆ. ಡಿವಿಒಆರ್ ಎಂಬ ರೇಡಿಯೊ ಉಪಕರಣ ವಿಮಾನಕ್ಕೆ ನಿಲ್ದಾಣದ ದಿಕ್ಕು ತೋರಿಸುತ್ತದೆ. ಐಎಲ್‌ಎಸ್ ಎಂಬ ವ್ಯವಸ್ಥೆ ರನ್‌ವೇಯ ನಡುಗೆರೆಯನ್ನೂ ಇಳಿಯುವ ಇಳಿಜಾರನ್ನೂ ಮೋಡದೊಳಗೇ ಪೈಲಟ್‌ಗೆ ತಿಳಿಸುತ್ತದೆ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಿಲ್ಲುವ ನಾಲ್ಕು ದೀಪಗಳಿಗೆ ಪಾಪಿ ಎಂದು ಹೆಸರು. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಎತ್ತರದಲ್ಲಿದೆ. ನಾಲ್ಕೂ ಬಿಳಿಯಾದರೆ ತೀರಾ ಮೇಲಿದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿಳಿದಿದೆ. ಇಂಥ ಒಂದೊಂದು ಉಪಕರಣವನ್ನೂ ಅಳವಡಿಸಿದರೆ ಸಾಲದು. ವಿಶೇಷ ವಿಮಾನ ಹಾರಿಸಿ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಬೇಕು, ಒಪ್ಪಿಗೆ ಪಡೆಯಬೇಕು, ಮತ್ತೆ ಮತ್ತೆ ಪರೀಕ್ಷಿಸುತ್ತಲೇ ಇರಬೇಕು.

2024ರಲ್ಲಿ ಪರವಾನಗಿ ನವೀಕರಣದ ಸಮಯ ಬಂದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪೂರ್ಣ ಅವಧಿಗೆ ಒಪ್ಪಲಿಲ್ಲ. ಕೊರತೆ ಸರಿಪಡಿಸಿ ಎಂದು ಹೇಳಿ ಅಲ್ಪಾವಧಿಗೆ ಮಾತ್ರ ವಿಸ್ತರಿಸಿತು. ಇದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಪರೀಕ್ಷಕರು ಕಟ್ಟುನಿಟ್ಟಾಗಿದ್ದರೆ ಪ್ರಯಾಣಿಕರ ಜೀವಕ್ಕೆ ಒಳ್ಳೆಯದು. ಆದರೆ ಹೊಸ ನಿಲ್ದಾಣವೊಂದು ಮೊದಲ ನವೀಕರಣದಲ್ಲೇ ಎಡವುವಂತಾದದ್ದು, ಕಟ್ಟುವುದರ ಮೇಲಿದ್ದ ಗಮನ ನಡೆಸುವುದರ ಮೇಲೆ ಇರಲಿಲ್ಲ ಎಂಬುದನ್ನು ಹೇಳುತ್ತದೆ.

ಆದಾಯ ಎಲ್ಲಿಂದ?

ದಿನಕ್ಕೆ ಒಂದೇ ವಿಮಾನ ಬಂದರೂ ಅಗ್ನಿಶಾಮಕ ದಳ ಬೇಕು, ಭದ್ರತಾ ಸಿಬ್ಬಂದಿ ಬೇಕು, ದೀಪ ಉರಿಯಬೇಕು. ಹತ್ತು ವಿಮಾನ ಬಂದರೂ ಆ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಸಣ್ಣ ನಿಲ್ದಾಣಕ್ಕೆ ಪ್ರತಿ ವಿಮಾನವೂ ದುಬಾರಿ. ಇನ್ನೊಂದು ಕಡೆ, ಆಸನ 80ಕ್ಕಿಂತ ಕಡಿಮೆಯಿರುವ ದೇಶೀಯ ವಿಮಾನಗಳಿಗೆ ಕೇಂದ್ರದ ನೀತಿಯಂತೆ ಇಳಿಯುವ ಶುಲ್ಕದಿಂದ ವಿನಾಯಿತಿ ಇದೆ. ಇಂಡಿಗೊದ ಎಟಿಆರ್‌ನಲ್ಲಿರುವುದು 78 ಆಸನ. ಸಣ್ಣ ಊರುಗಳಿಗೂ ವಿಮಾನ ಸಂಪರ್ಕ ಕಲ್ಪಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಭದ್ರತೆ, ಅಗ್ನಿಶಾಮಕ ಸೇವೆಯನ್ನು ರಾಜ್ಯವೇ ಉಚಿತವಾಗಿ ಕೊಡಬೇಕು, ಇಂಧನದ ಮೇಲಿನ ತೆರಿಗೆಯನ್ನು ಶೇ 1ಕ್ಕೆ ಇಳಿಸಬೇಕು, ವಿಮಾನ ಸಂಸ್ಥೆಗೆ ಕೊಡುವ ಸಹಾಯಧನದಲ್ಲಿ ಶೇ 20ರಷ್ಟನ್ನು ಭರಿಸಬೇಕು.

ಆ ಸಹಾಯಧನ ಸಿಗುವುದು ಮೂರು ವರ್ಷ ಮಾತ್ರ. ಅದು ಮುಗಿದ ಮೇಲೆ ಪ್ರಯಾಣಿಕರು ತುಂಬದಿದ್ದರೆ ವಿಮಾನ ಸಂಸ್ಥೆ ಬೇರೆ ಊರಿಗೆ ಹೋಗುತ್ತದೆ. ಬೀದರ್ ಈ ನೋವು ಉಂಡಿದೆ. ಅಲ್ಲಿ 2023ರ ಕೊನೆಯಲ್ಲಿ ನಿಂತ ವಿಮಾನ ಮತ್ತೆ ಹಾರಿದ್ದು 2025ರ ಏಪ್ರಿಲ್‌ನಲ್ಲಿ. ಸೋಗಾನೆಯಲ್ಲಿ 2023ರ ನವೆಂಬರ್‌ನಿಂದ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಹಾರಾಟ ಆರಂಭಿಸಿತು. 2024ರ ಅಕ್ಟೋಬರ್‌ನಲ್ಲಿ ಸ್ಪೈಸ್‌ಜೆಟ್ ಚೆನ್ನೈ, ಹೈದರಾಬಾದ್ ಸೇವೆ ತಂದಿತು. ಹೀಗೆ ಬಂದವರನ್ನು ಉಳಿಸಿಕೊಳ್ಳುವುದೇ ಈಗಿನ ಕೆಲಸ.

ಕೆಂಗೇರಿಯಿಂದ ನೋಡಿದರೆ

ಪಶ್ಚಿಮ ಬೆಂಗಳೂರಿನವರು ಒಂದು ಲೆಕ್ಕ ಹಾಕಲಿ. ಕೆಂಗೇರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 50 ಕಿಲೋಮೀಟರ್. ಟ್ರಾಫಿಕ್‌ನಲ್ಲಿ ಎರಡು ಗಂಟೆ, ಅಲ್ಲಿ ಒಂದೂವರೆ ಗಂಟೆ ಕಾಯುವುದು, ಹಾರಾಟ ಒಂದು ಗಂಟೆಯ ಮೇಲೆ, ಸೋಗಾನೆಯಿಂದ ಪೇಟೆಗೆ ಅರ್ಧ ಗಂಟೆ. ಒಟ್ಟು ಐದು ಗಂಟೆಗೂ ಹೆಚ್ಚು. ಕೆಂಗೇರಿ, ವಿಜಯನಗರದಿಂದ ನೇರಳೆ ಮೆಟ್ರೊ ಹತ್ತಿದರೆ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಬಾಗಿಲಿಗೇ ಇಳಿಯಬಹುದು. ಅಲ್ಲಿಂದ ಶಿವಮೊಗ್ಗಕ್ಕೆ ಜನಶತಾಬ್ದಿ ರೈಲು ಸುಮಾರು ನಾಲ್ಕೂವರೆ ಗಂಟೆ. ಊರಿಗೆ ಹೋಗಿಬರುವ ನಮಗೆ ರೈಲೇ ಸಲೀಸು.

ಹಾಗಾದರೆ ಈ ನಿಲ್ದಾಣ ಯಾರಿಗೆ? ದೆಹಲಿಗೋ ದುಬೈಗೋ ಹೋಗಲು ದೇವನಹಳ್ಳಿಯಲ್ಲಿ ವಿಮಾನ ಬದಲಿಸುವ ಸಾಗರದ ಎಂಜಿನಿಯರ್‌ಗೆ. ಹೈದರಾಬಾದ್‌ನ ಆಸ್ಪತ್ರೆಗೆ ಹೋಗಬೇಕಾದ ರೋಗಿಗೆ. ತಿರುಪತಿಗೆ ಹೊರಟ ವೃದ್ಧ ದಂಪತಿಗೆ. ಜೋಗ, ಆಗುಂಬೆ, ಇಕ್ಕೇರಿ ನೋಡಲು ಹೊರರಾಜ್ಯದಿಂದ ಬರುವವರಿಗೆ. 2025ರ ಜುಲೈನಲ್ಲಿ ಸೇತುವೆ ಕಂಡ ಸಿಗಂದೂರಿಗೆ ಬರುವ ಭಕ್ತರಿಗೆ. ವಿಮಾನ ನಿಲ್ದಾಣವೇ ಇಲ್ಲದ ದಾವಣಗೆರೆ, ಚಿಕ್ಕಮಗಳೂರಿನವರಿಗೂ ಇದೇ ಹತ್ತಿರ. ಅಂದಮೇಲೆ ಬೆಂಗಳೂರಿಗೊಂದು ವಿಮಾನ ಇದ್ದರೆ ಸಾಕೆಂದು ಕೂರುವಂತಿಲ್ಲ. ದೂರದ ಊರುಗಳಿಗೆ ನೇರ ಸಂಪರ್ಕ ಬೇಕು, ಬೆಂಗಳೂರು ವಿಮಾನದ ವೇಳೆ ಮುಂದಿನ ವಿಮಾನಗಳಿಗೆ ಹೊಂದಬೇಕು, ವಿಮಾನ ಇಳಿಯುವ ಹೊತ್ತಿಗೆ ಸಾಗರಕ್ಕೂ ದಾವಣಗೆರೆಗೂ ಬಸ್ಸು ಕಾದಿರಬೇಕು.

ಮುಂದಿನ ಕೆಲಸ

ನಿಲ್ದಾಣಕ್ಕಾಗಿ ಭೂಮಿ ಬಿಟ್ಟ ಸೋಗಾನೆಯ ಕುಟುಂಬಗಳು ನಿವೇಶನಕ್ಕಾಗಿ ಹೋರಾಟ ಮಾಡಿವೆ. ಅವರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದನ್ನೂ ಸುಧಾರಣೆಯ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ನಿಗಮವು ಮೋಡ, ಮಂಜಿನಿಂದ ಎಷ್ಟು ವಿಮಾನ ರದ್ದಾದವು, ಉಪಕರಣ ಅಥವಾ ಸಿಬ್ಬಂದಿ ಕೊರತೆಯಿಂದ ಎಷ್ಟು ರದ್ದಾದವು ಎಂಬ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಲಿ. ಆಗ ಯಾವ ಯಂತ್ರಕ್ಕೆ ಮೊದಲು ಹಣ ಕೊಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ವಿಜಯಪುರ, ಹಾಸನ, ರಾಯಚೂರುಗಳಲ್ಲೂ ವಿಮಾನ ನಿಲ್ದಾಣದ ಕೆಲಸ ನಡೆದಿದೆ. ಸೋಗಾನೆಯಲ್ಲಿ ಕಲಿತ ಪಾಠ ಅಲ್ಲಿಗೆ ಹೋಗಬೇಕು. ಕಟ್ಟಡ ಏಳುತ್ತಿರುವಾಗಲೇ ಅಗ್ನಿಶಾಮಕ ಸಿಬ್ಬಂದಿಗೆ ತರಬೇತಿ ಶುರುವಾಗಲಿ, ದಿಕ್ಸೂಚಿ ಉಪಕರಣಗಳಿಗೆ ಬೇಡಿಕೆ ಹೋಗಲಿ, ನಿರ್ವಹಣೆಗೆ ಪಳಗಿದ ಕಾಯಂ ಅಧಿಕಾರಿಗಳ ತಂಡ ನಿಗಮದಲ್ಲಿ ರೂಪುಗೊಳ್ಳಲಿ. ಸೋಗಾನೆಯ ಪರವಾನಗಿ, ಉಪಕರಣ, ಸಿಬ್ಬಂದಿ ಮೂರೂ ಗಟ್ಟಿಯಾದರೆ ರಾಜ್ಯ ಸರ್ಕಾರವೂ ವಿಮಾನ ನಿಲ್ದಾಣ ನಡೆಸಬಲ್ಲದು ಎಂಬುದಕ್ಕೆ ಉಳಿದ ಜಿಲ್ಲೆಗಳಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.