ಜಿಗಿಯುವ ಮಾತಿನ ಬೆನ್ನು ಹತ್ತಿ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನಮ್ಮ ಮನೆ. ಅಡುಗೆಮನೆ ಕಿಟಕಿಯಲ್ಲಿ ಸದಾ ಒಂದು ರೇಡಿಯೊ ಸ್ಕ್ಯಾನರ್ ಇರುತ್ತದೆ; ಅಗ್ನಿಶಾಮಕ ಸಿಬ್ಬಂದಿ, ರೈಲಿನವರು ರೇಡಿಯೊದಲ್ಲಿ ಆಡುವ ಮಾತನ್ನು ಕೇಳಿಸುವ ಪೆಟ್ಟಿಗೆ ಅದು. ಊರಿಂದ ಬಂದವರೆಲ್ಲ ಕೇಳುವುದು ಒಂದೇ: ಇಷ್ಟು ಚಿಕ್ಕ ಪೆಟ್ಟಿಗೆ ಅಷ್ಟೊಂದು ಜನರ ಮಾತನ್ನು ಹೇಗೆ ಹಿಡಿಯುತ್ತದೆ?

ಅದು ಎಲ್ಲವನ್ನೂ ಒಟ್ಟಿಗೆ ಕೇಳುವುದಿಲ್ಲ. ನಾವು ತುಂಬಿಸಿಟ್ಟ ಫ್ರೀಕ್ವೆನ್ಸಿಗಳನ್ನು ಸೆಕೆಂಡಿಗೆ ಹತ್ತಾರರಂತೆ ತಡಕುತ್ತಾ ಹೋಗುತ್ತದೆ. ಸಿಗ್ನಲ್ ಸಿಕ್ಕಲ್ಲಿ ನಿಲ್ಲುತ್ತದೆ, ಮಾತು ಮುಗಿದ ಮೇಲೆ ತುಸು ಕಾದು ಮುಂದೆ ಸಾಗುತ್ತದೆ. ಮಾತಿಲ್ಲದಾಗಿನ ಗೊರಗೊರ ಸದ್ದನ್ನು ತಡೆಯುವುದು ಸ್ಕ್ವೆಲ್ಚ್.

ಕನ್ವೆನ್ಷನಲ್ ವ್ಯವಸ್ಥೆಗೆ ಇಷ್ಟು ಸಾಕು. ಅಲ್ಲಿ ಒಂದು ಗುಂಪಿಗೆ ಒಂದು ಚಾನೆಲ್. 160–161 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಗೂಡ್ಸ್ ರೈಲಿನವರ ಮಾತು ನನಗೆ ಕೇಳಿಸುವುದು ಹೀಗೆಯೇ.

ಟ್ರಂಕಿಂಗ್ ವ್ಯವಸ್ಥೆ ಬೇರೆ. ಬ್ಯಾಂಕಿನಲ್ಲಿ ಟೋಕನ್ ಹಿಡಿದವರನ್ನು ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಕರೆಯುತ್ತಾರಲ್ಲ, ಹಾಗೆ. ಹತ್ತಾರು ಇಲಾಖೆಗಳಿಗೆ ಕೆಲವೇ ಫ್ರೀಕ್ವೆನ್ಸಿ. ಅಗ್ನಿಶಾಮಕ ಸಿಬ್ಬಂದಿ ಗುಂಡಿ ಒತ್ತಿದೊಡನೆ ಅವರ ರೇಡಿಯೊ, ಕಂಟ್ರೋಲ್ ಚಾನೆಲ್ ಎಂಬ ಮೀಸಲು ಫ್ರೀಕ್ವೆನ್ಸಿಯಲ್ಲಿ ಜಾಗ ಕೇಳುತ್ತದೆ. ವ್ಯವಸ್ಥೆಯ ಕಂಪ್ಯೂಟರ್ ಖಾಲಿ ಫ್ರೀಕ್ವೆನ್ಸಿಯನ್ನು ಸೂಚಿಸುತ್ತದೆ. ಆ ಟಾಕ್‌ಗ್ರೂಪಿನ, ಅಂದರೆ ಒಟ್ಟಿಗೆ ಮಾತಾಡುವ ಆ ಗುಂಪಿನ, ರೇಡಿಯೊಗಳೆಲ್ಲ ಅಲ್ಲಿಗೆ ಜಿಗಿಯುತ್ತವೆ. ಪ್ರಶ್ನೆ ಒಂದು ಫ್ರೀಕ್ವೆನ್ಸಿಯಲ್ಲಿ ಬಂದರೆ ಉತ್ತರ ಇನ್ನೊಂದರಲ್ಲಿ ಬರಬಹುದು. ಹಳೆಯ ಸ್ಕ್ಯಾನರಿಗೆ ಸಿಗುತ್ತಿದ್ದದ್ದು ಅರ್ಧಂಬರ್ಧ ಮಾತು. 1997ರಲ್ಲಿ ಯುನಿಡೆನ್ ಕಂಪನಿಯ ಟ್ರಂಕ್‌ಟ್ರ್ಯಾಕರ್ ಎಂಬ ಸ್ಕ್ಯಾನರ್ ಬಂದು ಇದನ್ನು ಬದಲಿಸಿತು. ಅದು ಕಂಟ್ರೋಲ್ ಚಾನೆಲ್‌ನ ಡೇಟಾ ಓದಿ, ಟಾಕ್‌ಗ್ರೂಪ್ ಹೋದಲ್ಲಿಗೆ ತಾನೂ ಹೋಗುತ್ತದೆ. ಒಹಾಯೊದ ರಾಜ್ಯವ್ಯಾಪಿ ಜಾಲ ಮಾರ್ಕ್ಸ್ ಈಗ ಪಿ25 ಎಂಬ ಡಿಜಿಟಲ್ ಮಾದರಿಯ ಟ್ರಂಕಿಂಗ್. ಅದಕ್ಕೆ ಡಿಜಿಟಲ್ ಸ್ಕ್ಯಾನರೇ ಬೇಕು.

ಮಾತಿಗೆ ಗೂಢಲಿಪಿ ಹಾಕಿದರೆ ಮಾತ್ರ ಸ್ಕ್ಯಾನರಿನ ಆಟ ನಡೆಯದು. ಯಾವ ಟಾಕ್‌ಗ್ರೂಪ್ ಮಾತಾಡುತ್ತಿದೆ ಎಂಬುದು ಪರದೆಯ ಮೇಲೆ ಕಂಡರೂ ದನಿ ಕೇಳದು. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ತಮ್ಮ ಚಾನೆಲ್‌ಗಳಿಗೆ ಗೂಢಲಿಪಿ ಹಾಕತೊಡಗಿದರು. ಅಪರಾಧಿಯ ಬೆನ್ನಟ್ಟಿದ ಪೊಲೀಸರ ಮಾತು ಗುಟ್ಟಾಗಿರಲಿ, ಅದು ಅವರ ಪ್ರಾಣದ ಪ್ರಶ್ನೆ. ಆದರೆ ಬೆಂಕಿ, ಬಿರುಗಾಳಿಯ ಕರೆಗಳು ತೆರೆದೇ ಇರಬೇಕು. ಸುಂಟರಗಾಳಿಯ ಒಂದು ರಾತ್ರಿ ಯಾವ ರಸ್ತೆಗೆ ಮರ ಬಿದ್ದಿದೆ ಎಂಬುದು ಟಿವಿಗಿಂತ ಮೊದಲು ನನಗೆ ಸ್ಕ್ಯಾನರಿನಿಂದ ತಿಳಿಯಿತು. ರಾತ್ರಿ ಪಾಳಿಗೆ ಹೊರಟಿದ್ದ ಪಕ್ಕದ ಮನೆಯವರನ್ನು ತಡೆದು ನಿಲ್ಲಿಸಿದೆ. ಜನರ ತೆರಿಗೆಯಲ್ಲಿ ನಡೆಯುವ ಜಾಲ ಅಪಾಯದ ಹೊತ್ತಿನಲ್ಲಿ ಜನರ ಕಿವಿಗೂ ಎಟುಕಬೇಕು.