ಗೊಬ್ಬರದ ಹಕ್ಕಿಗಳ ರಕ್ಷಣೆ: ಪೆರು ದೇಶದ ಕರಾವಳಿ ಕಲಿಸುವ ಪಾಠ

ಕೊಯ್ಲಾದ ಹೊಲದಲ್ಲಿ ಕೆಲವು ರಾತ್ರಿ ಕುರಿಮಂದೆ ನಿಲ್ಲಿಸಿದರೆ ಭೂಮಿಗೆ ಒಳ್ಳೆಯ ಗೊಬ್ಬರ ಸಿಗುತ್ತದೆಂಬುದು ರೈತರಿಗೆಲ್ಲ ತಿಳಿದ ವಿಷಯ. ಕುರಿ ಬೇರೆಡೆ ಮೇಯುತ್ತದೆ, ಸಾರವನ್ನು ಹೊಲಕ್ಕೆ ತರುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿಯಲ್ಲಿ ಇದೇ ಕೆಲಸವನ್ನು ಕಡಲ ಹಕ್ಕಿಗಳು ಮಾಡುತ್ತವೆ. ಅವು ಸಮುದ್ರದಲ್ಲಿ ಮೀನು ಹಿಡಿದು ತಿಂದು, ದ್ವೀಪಗಳ ಮೇಲೂ ಭೂಶಿರಗಳ ಕಡಿದಾದ ಬಂಡೆಗಳ ಮೇಲೂ ಹಿಕ್ಕೆ ಹಾಕುತ್ತವೆ. ಹೀಗೆ ಶೇಖರವಾದ ಗೊಬ್ಬರಕ್ಕೆ ಗುವಾನೊ ಎಂದು ಹೆಸರು. ಹಕ್ಕಿಯ ಗೂಡುತಾಣಗಳನ್ನು ಕಾಪಾಡಿದಾಗ ಏನಾಯಿತು, ಕಾಪಾಡದಿದ್ದಾಗ ಏನಾಯಿತು ಎಂಬುದಕ್ಕೆ ಈ ಕರಾವಳಿಯ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ.

ಗುವಾನೊ ಆಗುವ ಬಗೆ

ಪೆರು ಕರಾವಳಿಯುದ್ದಕ್ಕೂ ಹರಿಯುವ ಹಂಬೋಲ್ಟ್ ಪ್ರವಾಹದ ನೀರು ತಣ್ಣಗಿರುತ್ತದೆ. ಆಳದ ನೀರು ಮೇಲಕ್ಕೆ ಬರುವಾಗ ಪೋಷಕಾಂಶಗಳನ್ನೂ ತರುತ್ತದೆ. ಇದರಿಂದ ಸೂಕ್ಷ್ಮ ಜಲಸಸ್ಯಗಳು ಹುಲುಸಾಗಿ ಬೆಳೆದು, ಅಂಚೋವಿ ಎಂಬ ಸಣ್ಣ ಮೀನು ಅಪಾರವಾಗಿ ವೃದ್ಧಿಯಾಗುತ್ತದೆ. ನಮ್ಮ ಕರಾವಳಿಯ ಕೊಲ್ಲತರು ಇದೇ ಬಳಗದ ಮೀನು. ಗುವಾನೊ ನೀರುಕಾಗೆ, ಬೂಬಿ ಮತ್ತು ಹೆಜ್ಜಾರ್ಲೆ ಎಂಬ ಮೂರು ಹಕ್ಕಿಗಳಿಗೆ ಈ ಮೀನೇ ಮುಖ್ಯ ಆಹಾರ.

ಅಲ್ಲಿ ಮಳೆ ಬಹಳ ಅಪರೂಪ. ಆದ್ದರಿಂದ ಹಿಕ್ಕೆಯಲ್ಲಿನ ಸಾರಜನಕ ತೊಳೆದುಹೋಗದೆ ಉಳಿಯುತ್ತದೆ. ಒಳ್ಳೆಯ ಗುವಾನೊದಲ್ಲಿ ಶೇಕಡ 10ರಿಂದ 16 ಸಾರಜನಕ, 8ರಿಂದ 12 ರಂಜಕ ಮತ್ತು 2ರಿಂದ 3 ಪೊಟ್ಯಾಷ್ ಇರುತ್ತವೆ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟು ಮಾತ್ರ ಇರುವುದನ್ನು ನೆನೆದರೆ ಇದರ ಬೆಲೆ ಅರ್ಥವಾಗುತ್ತದೆ.

ಅಸಲನ್ನೇ ತಿಂದ ಕಾಲ

ಇಂಕಾ ಅರಸರ ಕಾಲದಲ್ಲಿ ಮರಿಮಾಡುವ ಸಮಯದಲ್ಲಿ ದ್ವೀಪಕ್ಕೆ ಕಾಲಿಟ್ಟವರಿಗೆ, ಹಕ್ಕಿ ಕೊಂದವರಿಗೆ ಮರಣದಂಡನೆ ಇತ್ತೆಂದು ಗಾರ್ಸಿಲಾಸೊ ಎಂಬ ಲೇಖಕ 1609ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬರೆದಿದ್ದಾನೆ. 1840ರ ನಂತರ ಈ ಕಟ್ಟುಪಾಡು ಯಾವುದೂ ಉಳಿಯಲಿಲ್ಲ. ಯೂರೋಪು, ಅಮೆರಿಕಗಳ ಹೊಲಗಳಿಗೆ ಹಡಗುಗಟ್ಟಲೆ ಗುವಾನೊ ಸಾಗಿತು. ಚಿಂಚಾ ದ್ವೀಪಗಳಲ್ಲಿ 30 ಮೀಟರಿಗೂ ಮೀರಿ ದಪ್ಪವಿದ್ದ ಪದರವನ್ನು ಅಗೆದು ತೆಗೆದರು. ಚೀನಾದಿಂದ ಕರೆತಂದ ಕೂಲಿಗಳು ಆ ಧೂಳಿನಲ್ಲಿ ದುಡಿದು ಅನೇಕರು ಪ್ರಾಣ ಕಳೆದುಕೊಂಡರು. ಸುಮಾರು 40 ವರ್ಷಗಳಲ್ಲಿ 1 ಕೋಟಿ ಟನ್ನಿಗೂ ಹೆಚ್ಚು ಗೊಬ್ಬರ ಹೊರಟುಹೋಯಿತು. ಸಾವಿರಾರು ವರ್ಷಗಳ ಗಂಟು ಕರಗಿತು. ಗದ್ದಲಕ್ಕೆ ಹೆದರಿ ಹಕ್ಕಿಗಳು ಗೂಡು ಬಿಟ್ಟವು.

1909ರ ವ್ಯವಸ್ಥೆ

1909ರಲ್ಲಿ ಪೆರು ಸರ್ಕಾರ ಗುವಾನೊ ಆಡಳಿತ ಕಂಪನಿಯನ್ನು ಸ್ಥಾಪಿಸಿತು. ಹಕ್ಕಿ ಉಳಿದರೆ ಮಾತ್ರ ಗೊಬ್ಬರ ಎಂಬುದೇ ಇದರ ತತ್ವ. ಅನುಸರಿಸಿದ ಮುಖ್ಯ ಕ್ರಮಗಳು ಹೀಗಿದ್ದವು:

1. ದ್ವೀಪಗಳಲ್ಲಿ ಕಾವಲುಗಾರರನ್ನು ಇಟ್ಟು, ಬೇಟೆಯನ್ನೂ ಮೊಟ್ಟೆ ಕದಿಯುವುದನ್ನೂ ತಡೆಯುವುದು.

2. ಒಂದು ದ್ವೀಪದಲ್ಲಿ ಗೊಬ್ಬರ ತೆಗೆದ ಮೇಲೆ ಅದಕ್ಕೆ ಕೆಲವು ವರ್ಷ ಬಿಡುವು ಕೊಟ್ಟು, ಸರದಿಯಂತೆ ಬೇರೊಂದರಲ್ಲಿ ತೆಗೆಯುವುದು.

3. 1940ರ ದಶಕದಲ್ಲಿ ಭೂಶಿರಗಳಿಗೆ ಅಡ್ಡಲಾಗಿ ಗೋಡೆ ಕಟ್ಟಿ, ನರಿ, ನಾಯಿ ಮತ್ತು ಜನರು ಬಾರದಂತೆ ಮಾಡುವುದು.

ಗೋಡೆಯೊಂದು ಭೂಶಿರವನ್ನು ದ್ವೀಪದಷ್ಟೇ ಸುರಕ್ಷಿತಗೊಳಿಸಿತು. ಹಕ್ಕಿಗಳು ಅಲ್ಲಿಯೂ ಗೂಡು ಕಟ್ಟಿದವು. ಪುಂತಾ ಸಾನ್ ಹುವಾನ್ ಭೂಶಿರ ಇಂತಹ ಒಂದು ತಾಣ. 1950ರ ದಶಕದ ಮಧ್ಯದಲ್ಲಿ ಕರಾವಳಿಯ ಗುವಾನೊ ಹಕ್ಕಿಗಳ ಸಂಖ್ಯೆ 2 ಕೋಟಿ 80 ಲಕ್ಷದಷ್ಟಿತ್ತೆಂದು ಅಂದಾಜು.

ಗೂಡು ಇದ್ದರೂ ಮೀನು ಇಲ್ಲ

ಕೆಲವು ವರ್ಷಗಳಿಗೊಮ್ಮೆ ಎಲ್ ನಿನೊ ಬಂದು ಕಡಲ ನೀರು ಬಿಸಿಯಾಗುತ್ತದೆ. ಆಗ ಮೀನು ಆಳಕ್ಕೆ, ದೂರಕ್ಕೆ ಸರಿಯುತ್ತದೆ. ತಂದೆತಾಯಿ ಹಕ್ಕಿಗಳು ಮರಿಗಳನ್ನು ಬಿಟ್ಟು ಹೋಗುತ್ತವೆ, ಲಕ್ಷಗಟ್ಟಲೆ ಸಾಯುತ್ತವೆ. ಹಿಂದೆ ಇಂತಹ ಪೆಟ್ಟಿನಿಂದ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತಿದ್ದವು. ಆದರೆ 1950ರ ದಶಕದಿಂದ ಕೋಳಿ ಮತ್ತು ಹಂದಿಗಳ ಆಹಾರಕ್ಕಾಗಿ ಅಂಚೋವಿಯನ್ನು ಮೀನುಪುಡಿ ಮಾಡುವ ಕಾರ್ಖಾನೆಗಳು ಹೆಚ್ಚಿದವು. 1970ರಲ್ಲಿ ಹಿಡಿದ ಅಂಚೋವಿ 1 ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು. 1957-58 ಮತ್ತು 1965ರ ಎಲ್ ನಿನೊಗಳಲ್ಲಿ ಸತ್ತಷ್ಟು ಹಕ್ಕಿಗಳು ಮತ್ತೆ ತುಂಬಿಕೊಳ್ಳಲಿಲ್ಲ. 1972-73ರಲ್ಲಿ ಮೀನುಗಾರಿಕೆಯೇ ಕುಸಿಯಿತು. ಗೋಡೆ ಇತ್ತು, ಕಾವಲೂ ಇತ್ತು. ಹಕ್ಕಿಯ ಹೊಟ್ಟೆಗೆ ಮಾತ್ರ ಇರಲಿಲ್ಲ. 1950ರ ದಶಕದ ಸಂಖ್ಯೆ ಮತ್ತೆ ಬಂದಿಲ್ಲ.

2009ರಲ್ಲಿ ಪೆರು ಸರ್ಕಾರ 22 ದ್ವೀಪಗಳು ಮತ್ತು ದ್ವೀಪಸಮೂಹಗಳನ್ನೂ 11 ಭೂಶಿರಗಳನ್ನೂ, ಅವುಗಳ ಸುತ್ತಲಿನ ಸಮುದ್ರವನ್ನೂ ಸೇರಿಸಿ ರಾಷ್ಟ್ರೀಯ ಮೀಸಲು ಪ್ರದೇಶವೆಂದು ಘೋಷಿಸಿತು. ನೆಲದ ಜೊತೆಗೆ ನೀರನ್ನೂ ಸೇರಿಸಿದ್ದು ಇದರ ವಿಶೇಷ. ಆದರೂ 2022ರ ಕೊನೆಯಲ್ಲಿ ಬಂದ ಹಕ್ಕಿಜ್ವರದಿಂದ ಹೆಜ್ಜಾರ್ಲೆ, ಬೂಬಿ, ನೀರುಕಾಗೆಗಳು ಬಹಳ ಸತ್ತವು. ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳಿಗೆ ರೋಗದ ಭಯ ಹೆಚ್ಚು.

ನಮ್ಮಲ್ಲಿಯೂ ಒಂದು ಊರು

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮೊದಲಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಮರದಡಿ ಗುಂಡಿ ತೆಗೆದು, ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ ಗೊಬ್ಬರವಾಗಿ ಬಳಸುತ್ತ ಬಂದವರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿಯ ಹಕ್ಕಿಗಳಿಗೆ ಸುತ್ತಮುತ್ತಲ ಕೆರೆಗಳ ಮೀನೇ ಆಹಾರ. ಮರ ಉಳಿಸಿ ಕೆರೆ ಕಳೆದುಕೊಂಡರೆ ಪೆರುವಿನಲ್ಲಿ ಆದದ್ದೇ ಇಲ್ಲಿಯೂ ಆದೀತು.

ಗೊಬ್ಬರ ಬಡ್ಡಿ, ಹಕ್ಕಿ ಅಸಲು. ಅಸಲು ಉಳಿಯಬೇಕಾದರೆ ಗೂಡಿಗೆ ಕಾವಲು ಬೇಕು, ಕೊಯ್ಲಿಗೆ ಸರದಿ ಬೇಕು, ಹಕ್ಕಿ ಮೇಯುವ ನೀರಿನಲ್ಲಿ ಅದರ ಪಾಲಿನ ಮೀನು ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಫಲ ಕೊಡಲಾರವು.